ಇಂಗ್ಲಿಷಿನ ಆಡುಮಾತು

ಇಂಗ್ಲಿಷನ್ನು ನಮ್ಮಲ್ಲಿ ಬಹುಮಂದಿ ಮೊದಲು ಕಣ್ಣಿನಿಂದ ಕಲಿಯುತ್ತೇವೆ. ಕಿವಿಗೆ ಕೆಲಸ ಬರುವುದು ಆಮೇಲೆ. ಪುಸ್ತಕದಲ್ಲಿ ಪ್ರತಿಯೊಂದು ಪದವೂ ಪಕ್ಕದ ಪದವನ್ನು ಸೋಂಕದೆ, ತನ್ನ ಅಕ್ಷರಗಳಲ್ಲಿ ಒಂದನ್ನೂ ಬಿಟ್ಟುಕೊಡದೆ ನಿಂತಿರುತ್ತದೆ. ಆದುದರಿಂದ ಮಾತನಾಡುವಾಗಲೂ ಎಲ್ಲವನ್ನೂ ಪೂರ್ಣವಾಗಿ ಉಚ್ಚರಿಸುವುದೇ ಶುದ್ಧಿಯೆಂದು ನಾವು ಭಾವಿಸುತ್ತೇವೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಈಗ ಸ್ವಲ್ಪ ವಿಚಾರ ಮಾಡೋಣ.

‘ಕ್ಯಾನ್’ ಎಂಬ ಚಿಕ್ಕ ಪದವನ್ನು ತೆಗೆದುಕೊಳ್ಳಿ. ‘ಐ ಕ್ಯಾನ್ ಕಮ್’ ಎಂಬ ವಾಕ್ಯದಲ್ಲಿ ಸಾಮಾನ್ಯವಾಗಿ ಒತ್ತು ಬೀಳುವುದು ‘ಕಮ್’ ಎಂಬುದರ ಮೇಲೆ. ‘ಕ್ಯಾನ್’ ಕುಗ್ಗಿ ‘ಕನ್’ ಎಂಬಷ್ಟಾಗುತ್ತದೆ. ನಿಷೇಧದ ಮಾತು ಹಾಗಲ್ಲ. ಅದನ್ನು ದಕ್ಷಿಣ ಇಂಗ್ಲೆಂಡಿನವರು ‘ಕಾಂಟ್’ ಎಂದು ದೀರ್ಘವಾಗಿಯೂ, ಅಮೆರಿಕದವರು ‘ಕ್ಯಾಂಟ್’ ಎಂದು ಒತ್ತಿಯೂ ಹೇಳುತ್ತಾರೆ. ಕೊನೆಯ ಟಕಾರವಾದರೋ ಅನೇಕ ವೇಳೆ ಕೇಳಿಸುವುದೇ ಇಲ್ಲ. ಹೀಗಿರಲು, ನಾವು ಸ್ಪಷ್ಟತೆಗಾಗಿ ‘ಕ್ಯಾನ್’ ಎಂಬುದನ್ನು ಒತ್ತಿ ನುಡಿದರೆ ಅಮೆರಿಕದವನ ಕಿವಿಗೆ ಅದು ನಿಷೇಧವಾಗಿಯೇ ಕೇಳಿಸಬಹುದು. ಪರದೇಶದ ಆಸ್ಪತ್ರೆಯಲ್ಲಿ ರೋಗಿಯೊಬ್ಬನು ‘ಕೈ ಎತ್ತಬಲ್ಲೆ’ ಎಂದದ್ದು ವೈದ್ಯನಿಗೆ ‘ಎತ್ತಲಾರೆ’ ಎಂದು ಕೇಳಿದರೆ ಗತಿಯೇನು? ಇದು ಕೇವಲ ಸೊಗಸಿನ ಪ್ರಶ್ನೆಯಲ್ಲ. ಹೌದು ಅಲ್ಲಗಳ ಪ್ರಶ್ನೆ.

ಅರ್ಥ ಕೆಡದಿರುವ ಕಡೆಯೂ ಧ್ವನಿ ಕೆಡಬಹುದು. ‘ಐ ಡೋಂಟ್ ನೋ’ ಎಂದರೆ ‘ನನಗೆ ಗೊತ್ತಿಲ್ಲ’ ಎಂದಷ್ಟೆ. ‘ಐ ಡೂ ನಾಟ್ ನೋ’ ಎಂದು ಬಿಡಿಬಿಡಿಯಾಗಿ ನುಡಿದರೆ ‘ಎಷ್ಟು ಸಲ ಕೇಳುತ್ತೀಯೆ?’ ಎಂಬ ಬೇಸರದ ಛಾಯೆ ಅದಕ್ಕೆ ಸೇರಬಹುದು. ನಮ್ಮ ನುಡಿಯಲ್ಲಿಯೂ ಬರವಣಿಗೆಯ ರೂಪ ಬೇರೆ, ಆಡುಮಾತಿನ ರೂಪ ಬೇರೆ. ಬರೆಯುವಾಗ ‘ಬರುತ್ತೇನೆ’ ಎನ್ನುವ ಮೈಸೂರಿನವರು ಮನೆಯ ಬಾಗಿಲಲ್ಲಿ ಹೇಳುವುದು ‘ಬರ್ತೀನಿ’ ಎಂದೇ. ಅದನ್ನು ಯಾರೂ ಅಶುದ್ಧಿಯೆಂದು ದೂರುವುದಿಲ್ಲ.

ಇಂಗ್ಲೆಂಡಿನಲ್ಲಿಯಾದರೋ ದೂರಿದವರುಂಟು. 1710ರಲ್ಲಿ ಸ್ವಿಫ್ಟ್ ಮಹಾಶಯನು ‘ಟ್ಯಾಟ್ಲರ್’ ಪತ್ರಿಕೆಯಲ್ಲಿಯೂ, ಮರುವರ್ಷ ಅಡಿಸನ್ನನು ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿಯೂ ಇಂತಹ ಮೊಟಕು ರೂಪಗಳನ್ನು ಆಕ್ಷೇಪಿಸಿದರು. ಜನರ ನಾಲಗೆ ಅವರ ಮಾತನ್ನು ಕೇಳಲಿಲ್ಲ. ಆದರೆ ಮೊಟಕು ಮಾಡುವುದಕ್ಕೂ ಒಂದು ಕಟ್ಟುಂಟು. ‘ಐಮ್ ರೆಡಿ’ ಎನ್ನಬಹುದು, ‘ಸಿದ್ಧವಾಗಿದ್ದೀಯಾ?’ ಎಂದು ಕೇಳಿದವನಿಗೆ ‘ಎಸ್, ಐಮ್’ ಎಂದು ಉತ್ತರ ಕೊಡುವಂತಿಲ್ಲ. ‘ಎಸ್, ಐ ಆಮ್’ ಎನ್ನಬೇಕು. ವಾಕ್ಯದ ಕೊನೆಯಲ್ಲಿ ಆ ಪದದ ಮೇಲೆ ಭಾರ ಬೀಳುತ್ತದೆ. ಭಾರ ಹೊರುವ ಪದ ಕುಗ್ಗಲಾರದು.

ಸವೆಯುವುದು ಇಂತಹ ಸಹಾಯಕ ಪದಗಳು ಮಾತ್ರವೇ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಗುಣವಾಚಕದ ಕೊನೆಗೆ ಒಂದು ಎಕಾರವನ್ನು ಸೇರಿಸಿ ಕ್ರಿಯಾವಿಶೇಷಣವನ್ನು ಮಾಡುವ ಪದ್ಧತಿಯಿದ್ದಿತು. ಕಾಲಕ್ರಮದಲ್ಲಿ ಆ ಎಕಾರ ನಾಲಗೆಯಿಂದ ಜಾರಿಹೋಯಿತು. ಆದುದರಿಂದಲೇ ‘ಹಾರ್ಡ್’, ‘ಫಾಸ್ಟ್’ ಮೊದಲಾದ ಪದಗಳು ಇಂದು ಗುಣವಾಚಕವೂ ಹೌದು, ಕ್ರಿಯಾವಿಶೇಷಣವೂ ಹೌದು. ಎಲ್ಲ ಕಡೆಯೂ ‘ಲಿ’ ಪ್ರತ್ಯಯ ಬೇಕೆಂದು ವಿದ್ಯಾರ್ಥಿಯು ‘ಹೀ ವರ್ಕ್ಸ್ ಹಾರ್ಡ್ಲಿ’ ಎಂದು ಬರೆದರೆ, ಮೈಮುರಿದು ದುಡಿಯುವ ಬಡಪಾಯಿಯು ದುಡಿಯುವುದೇ ಇಲ್ಲವೇನೋ ಎಂಬಂತಾಗುತ್ತದೆ. ಏಕೆಂದರೆ ‘ಹಾರ್ಡ್ಲಿ’ ಎಂದರೆ ‘ಇಲ್ಲವೆನ್ನುವಷ್ಟು ಕಡಮೆ’ ಎಂದರ್ಥ. ‘ಲೇಟ್’ ಎಂದರೆ ತಡವಾಗಿ. ‘ಲೇಟ್ಲಿ’ ಎಂದರೆ ಇತ್ತೀಚೆಗೆ.

ಇನ್ನೊಂದು ಕಡೆ ನಮ್ಮ ಕನ್ನಡವೇ ನಮ್ಮನ್ನು ದಾರಿತಪ್ಪಿಸುತ್ತದೆ. ‘ಆಕಾಶ ಕೆಂಪಾಗಿ ಕಾಣುತ್ತದೆ’, ‘ಮಾವು ಸಿಹಿಯಾಗಿದೆ’ ಎಂದು ನಾವು ‘ಆಗಿ’ ಸೇರಿಸಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಕಾಣು, ರುಚಿಸು, ವಾಸನೆ ಬೀರು ಎಂಬರ್ಥದ ಕ್ರಿಯಾಪದಗಳ ಮುಂದೆ ವಸ್ತುವಿನ ಗುಣವನ್ನು ಹೇಳುವಾಗ ಬರಿಯ ಗುಣವಾಚಕವೇ ಬರಬೇಕು: ‘ದಿ ಮ್ಯಾಂಗೊ ಟೇಸ್ಟ್ಸ್ ಸ್ವೀಟ್’. ‘ಸ್ವೀಟ್ಲಿ’ ಎಂದರೆ ಮಾವಿನ ಹಣ್ಣೇ ಮಧುರವಾಗಿ ಏನನ್ನೋ ರುಚಿ ನೋಡುತ್ತಿರುವಂತಾದೀತು! ಗುಣವಿರುವುದು ಹಣ್ಣಿನಲ್ಲಿ, ಕ್ರಿಯೆಯಲ್ಲಲ್ಲ.

ಇಷ್ಟನ್ನೂ ಹೇಳಿದುದು ಇಂಗ್ಲಿಷರನ್ನು ಅಣಕಿಸಿ ಮಾತನಾಡಬೇಕೆಂಬ ಉದ್ದೇಶದಿಂದಲ್ಲ. ನಮ್ಮ ನಾಲಗೆಗೆ ನಮ್ಮ ನಾಡಿನ ಸೊಗಡು ಇದ್ದೇ ಇರುತ್ತದೆ, ಇರಲಿ. ಒತ್ತು ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಎಂಬ ವಿವೇಕವೊಂದಿದ್ದರೆ ಸಾಕು. ಅರ್ಜಿಯಲ್ಲಿ, ಪ್ರಬಂಧದಲ್ಲಿ ಪೂರ್ಣರೂಪಗಳೇ ಮೇಲು. ಮಾತಿನಲ್ಲಿ ಮೊಟಕು ರೂಪಗಳಿಗೆ ನಾಚಬೇಕಾದುದಿಲ್ಲ. ವ್ಯಾಕರಣವು ಯಾವ ಪದವನ್ನು ಹೇಳಬೇಕೆಂಬುದನ್ನು ಕಲಿಸುತ್ತದೆ. ಯಾವುದನ್ನು ಮೆಲ್ಲಗೆ ಹೇಳಬೇಕೆಂಬುದನ್ನು ಕಿವಿಯಿಂದಲೇ ಕಲಿಯಬೇಕು. ಇಂಗ್ಲಿಷು ಕಿವಿಗೆ ಬಿದ್ದಾಗಲೆಲ್ಲ ದೊಡ್ಡ ಪದಗಳನ್ನು ಬಿಟ್ಟು ಈ ಸಣ್ಣ ಪದಗಳ ಕಡೆಗೆ ಕಿವಿಗೊಟ್ಟು ನೋಡಿರಿ. ಭಾಷೆಯ ನಡಿಗೆ ತಿಳಿಯುವುದು ಅಲ್ಲಿಯೇ.