ಸುತ್ತಿಗೆ ಬೀಸಲಾಗದ ಕಡೆ ಮೊಳೆ ಹೊಡೆಯುವ ಕ್ರಮ

(ರೈತ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಮುಂಗಾರು ಹಿಡಿಯುವ ಮುನ್ನ ಮನೆ, ಕೊಟ್ಟಿಗೆಗಳ ಹೆಂಚು ಕೈಯಾಡಿಸುವುದು ಮಲೆನಾಡಿನ ವಾಡಿಕೆ. ಆದರೆ ಹೆಂಚಿನಡಿಯ ಪಕಾಸಿಗಳನ್ನು ಪರೀಕ್ಷಿಸುವವರು ಕಡಿಮೆ. ಪಕಾಸಿಯ ಬುಡ ಗೋಡೆಯ ಮೇಲಿನ ತೊಲೆಗೆ ಕೂಡುವ ಕಡೆ ಮೊಳೆ ತುಕ್ಕು ಹಿಡಿದು ಸವೆದಿದ್ದರೆ, ಗಾಳಿಗೆ ಸೂರು ಅಲುಗಿ, ಹೆಂಚು ಜಾರಿ, ಅಟ್ಟದ ಹುಲ್ಲೆಲ್ಲ ನೆನೆಯುತ್ತದೆ.

ಅಲ್ಲಿ ಹೊಸ ಮೊಳೆ ಹೊಡೆಯುವುದು ಸುಲಭವಲ್ಲ. ಮೇಲೆ ಹೆಂಚು, ಪಕ್ಕದಲ್ಲಿ ಗೋಡೆ. ಸುತ್ತಿಗೆ ಬೀಸಲು ಗೇಣು ಜಾಗವೂ ಇರದು. ನಾನು ಬೇಸಾಯಶಾಸ್ತ್ರ ಹೇಳುವವನು, ಬಡಗಿಯಲ್ಲ. ಒಮ್ಮೆ ನಮ್ಮ ಕೊಟ್ಟಿಗೆಯಲ್ಲಿ ಅವಸರಪಟ್ಟು ಮೂರು ಮೊಳೆ ಬಾಗಿಸಿದೆ. ನಾಲ್ಕನೆಯದಕ್ಕೆ ಪಕಾಸಿಯ ತುದಿಯೇ ಸೀಳಿತು. ಒಂದು ಮೊಳೆಯ ಕೆಲಸಕ್ಕೆ ಇಡೀ ಪಕಾಸಿ ಬದಲಿಸಬೇಕಾಯಿತು. ಅದನ್ನು ಬದಲಿಸಲು ಬಂದ ಬಡಗಿಯಿಂದ ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಪಕಾಸಿಗೆ ಕೆಳಗಿನಿಂದ ಆಸರೆ ಕೊಡಿ. ಸಾಧ್ಯವಿದ್ದರೆ ಆ ಭಾಗದ ಎರಡು ಸಾಲು ಹೆಂಚು ತೆಗೆದುಬಿಡಿ. ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ವಿದ್ಯುತ್ ತಂತಿ ಹಾದುಹೋಗಿದ್ದರೆ ಮೈನ್ ಸ್ವಿಚ್ ಆರಿಸಿರಿ.

ಹಳೆಯ ಮರ ಒಣಗಿ ಗಟ್ಟಿಯಾಗಿರುತ್ತದೆ. ಆದುದರಿಂದ ಮೊಳೆಗಿಂತ ಸ್ವಲ್ಪ ಸಣ್ಣದಾದ ತೂತನ್ನು ಬೈರಿಗೆಯಿಂದ ಕೊರೆಯಲೇಬೇಕು. ಈಗ ಬ್ಯಾಟರಿ ಡ್ರಿಲ್ಲುಗಳು ಬಂದಿವೆ, ಆದರೆ ಇಂತಹ ಮೂಲೆಗಳಲ್ಲಿ ಎಷ್ಟೋ ಸಲ ಅವು ಹಿಡಿಸುವುದಿಲ್ಲ, ಕೈಬೈರಿಗೆಯೇ ವಾಸಿ. 3 ಅಂಗುಲದ ಮೊಳೆಯಾದರೆ ಬುಡದಿಂದ ಸುಮಾರು 1 ಅಂಗುಲ ಮೇಲೆ, ಓರೆಯಾಗಿ ತೊಲೆಯ ಕಡೆಗೆ ಕೊರೆಯಿರಿ. ಮೊಳೆಯ ಮೂರರಲ್ಲಿ ಎರಡು ಪಾಲಿನಷ್ಟು ತೊಲೆಯೊಳಗೆ ಇಳಿಯಬೇಕು. ಪಕಾಸಿಯ ಎರಡೂ ಪಕ್ಕಗಳಿಂದ ಒಂದೊಂದು ಹೊಡೆದರೆ ಹಿಡಿತ ಹೆಚ್ಚು.

ಬೆರಳು ಹೋಗದ ಕಡೆ ಮೊಳೆಯನ್ನು ಇಕ್ಕಳದಿಂದ ಹಿಡಿದು ತೂತಿಗೆ ಕೂಡಿಸಿ. ನಂತರ ಹೆಬ್ಬೆರಳು ಗಾತ್ರದ, ಒಂದು ಅಡಿ ಉದ್ದದ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಮೊಳೆಯ ತಲೆಯ ಮೇಲೆ, ಮೊಳೆಯ ನೇರಕ್ಕೇ ಇಟ್ಟು, ಇನ್ನೊಂದು ತುದಿಗೆ ಸುತ್ತಿಗೆಯಿಂದ ಹೊಡೆಯಿರಿ. ಸುತ್ತಿಗೆ ಹೊರಗೇ ಉಳಿಯುತ್ತದೆ, ಪೆಟ್ಟು ಒಳಗೆ ಮುಟ್ಟುತ್ತದೆ. ಸಲಾಕೆಯ ಬದಲು ಇನ್ನೊಂದು ಸುತ್ತಿಗೆಯನ್ನಿಟ್ಟು ಹೊಡೆಯಬೇಡಿ. ಹದ ಹಾಕಿದ ಉಕ್ಕಿನ ಚೂರು ಸಿಡಿದು ಕಣ್ಣಿಗೆ ಬಡಿಯಬಹುದು. ಹೇಗೂ ಕನ್ನಡಕ ಹಾಕಿಕೊಳ್ಳುವುದು ಒಳ್ಳೆಯದು.

ಮತ್ತೊಂದು ಮುಖ್ಯ ವಿಷಯ. ಪೆಟ್ಟು ಬಿದ್ದಾಗ ಪಕಾಸಿ ಅದುರಿದರೆ ಮೊಳೆ ಇಳಿಯುವುದಿಲ್ಲ, ಹೆಂಚು ಮಾತ್ರ ಜಾರುತ್ತದೆ. ಎದುರು ಪಕ್ಕದಲ್ಲಿ ಒಬ್ಬರು ಹಾರೆಯನ್ನು ಪಕಾಸಿಗೆ ಒತ್ತಿ ಹಿಡಿಯಲಿ.

ಸಲಾಕೆಗೂ ಎಡೆಯಿಲ್ಲದಿದ್ದರೆ ಮೊಳೆಯ ಹಠ ಬಿಟ್ಟು, ಗಿಡ್ಡ ಹಿಡಿಯ ಸ್ಕ್ರೂ ಡ್ರೈವರಿನಿಂದ ತಿರುಪು ಹಾಕಿ. ಇಲ್ಲವೇ ಕಬ್ಬಿಣದ ಪಟ್ಟಿಯನ್ನು ಪಕಾಸಿಯ ಮೇಲಿನಿಂದ ಬಳಸಿ ತಂದು, ಕೈಯಾಡುವ ಜಾಗದಲ್ಲಿ ತೊಲೆಗೆ ಮೊಳೆ ಹೊಡೆಯಿರಿ.

ಇಷ್ಟಕ್ಕೆಲ್ಲ ಮೊದಲು ಆ ಬುಡಕ್ಕೆ ಚೂರಿಯ ಮೊನೆ ಚುಚ್ಚಿ ನೋಡಿರಬೇಕು. ಮೊನೆ ಸಲೀಸಾಗಿ ಇಳಿದರೆ ಅದು ಗೆದ್ದಲು ತಿಂದ ಅಥವಾ ಕುಂಬಾದ ಮರ. ಅಲ್ಲಿ ಯಾವ ಮೊಳೆಯೂ ನಿಲ್ಲದು, ಆ ಭಾಗವನ್ನು ಕತ್ತರಿಸಿ ಹೊಸ ಮರ ಜೋಡಿಸಬೇಕಾಗುತ್ತದೆ.