ಚಾಚದ ಕೈ
(ಕಾರ್ಮಿಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಕಾಲಿನಿಂದ ಹೊಟ್ಟೆ ಹೊರೆದ ಒಬ್ಬ ಮನುಷ್ಯನ ಕೈಯ ವಿಷಯವನ್ನು ಈ ಸಂಜೆ ನಿಮ್ಮ ಮುಂದೆ ಹೇಳಬೇಕೆಂದಿದ್ದೇವೆ.

ದಕ್ಷಿಣ ಅಮೆರಿಕದ ಪಶ್ಚಿಮದ ಅಂಚಿಗೆ ಒಂದು ನೀಳ ಪಟ್ಟಿಯಂತೆ ಅಂಟಿಕೊಂಡಿರುವ ದೇಶ ಚಿಲಿ. ಅದರ ರಾಜಧಾನಿ ಸಾಂಟಿಯಾಗೋದಲ್ಲಿ 1950ರ ಜುಲೈ 5ರಂದು ಒಬ್ಬ ರೈಲ್ವೆ ಕೆಲಸಗಾರನ ಮಗನಾಗಿ ಹುಟ್ಟಿದವನು ಕಾರ್ಲೋಸ್ ಕಾಸೆಲಿ. ಹದಿಹರೆಯದಲ್ಲೇ ಕೋಲೋ ಕೋಲೋ ಎಂಬ ತಂಡ ಸೇರಿದ. ಬಡವರ ಬೀದಿಗಳಲ್ಲಿ ಅದಕ್ಕಿಂತ ಪ್ರಿಯವಾದ ಹೆಸರು ಆ ದೇಶದಲ್ಲಿಲ್ಲ. ಕಾಲ್ಚೆಂಡಾಟದಲ್ಲಿ ಇವನದು ಮುಂದಾಳಿನ ಕೆಲಸ, ಎಂದರೆ ಗೋಲು ಹೊಡೆಯುವುದು. ಜನ ಇವನನ್ನು 'ಒಂದು ಚದರ ಮೀಟರಿನ ದೊರೆ' ಎಂದು ಕರೆದರು. ಗೂಡಂಗಡಿ ಇಟ್ಟವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಕೈಕಾಲು ಮಡಚಿ ಕೂರುವಷ್ಟು ಜಾಗ ಸಿಕ್ಕರೆ ಸಾಕು, ಅಷ್ಟರಲ್ಲೇ ವ್ಯಾಪಾರ ಮುಗಿಸುವ ಗಟ್ಟಿಗ. 1973ರಲ್ಲಿ ಆ ಖಂಡದ ದೊಡ್ಡ ಪಂದ್ಯಾವಳಿಯಾದ ಲಿಬರ್ತದೋರೆಸ್ ಕಪ್ಪಿನಲ್ಲಿ ಒಂಬತ್ತು ಗೋಲು ಹೊಡೆದು ಎಲ್ಲರಿಗಿಂತ ಮುಂದೆ ನಿಂತ. ತಂಡ ಮಾತ್ರ ಕೊನೆಯ ಪಂದ್ಯದಲ್ಲಿ ಅರ್ಜೆಂಟೀನಾದ ಇಂಡಿಪೆಂಡಿಯೆಂತೆಗೆ ಸೋತಿತು.

ಆಗ ಚಿಲಿಯಲ್ಲಿ ಇದ್ದುದು ಮತದಾನದಿಂದ ಬಂದ ಸಮಾಜವಾದಿ ಅಧ್ಯಕ್ಷ ಸಾಲ್ವಡೋರ್ ಅಲೆಂಡೆಯ ಸರ್ಕಾರ. ತಾಮ್ರದ ಗಣಿಗಳನ್ನು ರಾಷ್ಟ್ರದ ಸ್ವತ್ತು ಮಾಡಿದ ಸರ್ಕಾರ ಅದು. ಕಾಸೆಲಿ ಅದರ ಬೆಂಬಲಿಗ; ಅದನ್ನು ಮುಚ್ಚಿಡುವ ಸ್ವಭಾವ ಅವನದಲ್ಲ. 1973ರ ಸೆಪ್ಟೆಂಬರ್ 11ರಂದು ಸೇನೆ ಅಧ್ಯಕ್ಷರ ಅರಮನೆಯ ಮೇಲೆ ವಿಮಾನದಿಂದ ಬಾಂಬು ಹಾಕಿತು. ಅಲೆಂಡೆ ಅಲ್ಲೇ ಸತ್ತರು. ದಂಡನಾಯಕ ಪಿನೋಚೆ ಗದ್ದುಗೆ ಏರಿದ. ಸಾಂಟಿಯಾಗೋದ ರಾಷ್ಟ್ರೀಯ ಕ್ರೀಡಾಂಗಣ ಸೆರೆಮನೆಯಾಯಿತು. ಆಟ ನೋಡಲು ಜನ ಕೂರುತ್ತಿದ್ದ ಮೆಟ್ಟಿಲುಗಳ ಮೇಲೆ ಸಾವಿರಾರು ಕೈದಿಗಳನ್ನು ಕೂರಿಸಿದರು, ಕೆಳಗಿನ ಕೋಣೆಗಳಲ್ಲಿ ಹಿಂಸೆ ಕೊಟ್ಟರು, ಕೊಂದರು.

ಅದೇ ಮೈದಾನದಲ್ಲಿ ನವೆಂಬರ್ 21ರಂದು ವಿಶ್ವಕಪ್ಪಿನ ಅರ್ಹತೆಗಾಗಿ ಚಿಲಿಗೂ ಸೋವಿಯತ್ ದೇಶಕ್ಕೂ ಪಂದ್ಯ ಗೊತ್ತಾಗಿತ್ತು. ಅಂತಾರಾಷ್ಟ್ರೀಯ ಕಾಲ್ಚೆಂಡು ಸಂಸ್ಥೆಯವರು ಮುಂಚೆಯೇ ಬಂದು ನೋಡಿ, ಎಲ್ಲ ಸರಿಯಾಗಿದೆ ಎಂದು ಬರೆದುಕೊಟ್ಟು ಹೋಗಿದ್ದರು. ನೋಡಲು ಮನಸ್ಸಿಲ್ಲದವನಿಗೆ ಯಾವ ಕನ್ನಡಕ ಕೊಟ್ಟರೇನು? ರಕ್ತ ಬಿದ್ದ ನೆಲದಲ್ಲಿ ಆಡುವುದಿಲ್ಲವೆಂದು ಸೋವಿಯತ್ ತಂಡ ಬರಲಿಲ್ಲ. ಎದುರಾಳಿಯಿಲ್ಲದ ಮೈದಾನದಲ್ಲಿ ಚಿಲಿಯ ಆಟಗಾರರು ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಹೋಗಿ, ನಾಯಕ ವಾಲ್ಡೆಸ್ ಖಾಲಿ ಗೋಲಿಗೆ ಒದ್ದ.

ಆ ದಿನ ಅಲ್ಲಿ ಕಾಸೆಲಿಯೂ ಇದ್ದ. ಇದನ್ನು ಮುಚ್ಚಿಟ್ಟು ಆತನ ಗುಣಗಾನ ಮಾಡಿದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಆತನೇ ಮುಂದೆ ಅದನ್ನು ನಾಚಿಕೆಯ ಸಂಗತಿ ಎಂದು ಒಪ್ಪಿಕೊಂಡಿದ್ದಾನೆ. ಬಂದೂಕಿನ ನೆರಳಲ್ಲಿ ಎಲ್ಲರೂ ಎಲ್ಲ ದಿನವೂ ಧೀರರಾಗಿರುತ್ತಾರೆಂದು ನಾವು ನಂಬುವುದಿಲ್ಲ; ಹಾಗೆಂದು ಹೇಳುವವರು ಆ ನೆರಳಲ್ಲಿ ನಿಂತವರಲ್ಲ.

ಇನ್ನು ಕೈಯ ವಿಷಯ. 1974ರಲ್ಲಿ ತಂಡ ಪಶ್ಚಿಮ ಜರ್ಮನಿಗೆ ವಿಶ್ವಕಪ್ಪಿಗೆ ಹೊರಟಿತ್ತು. ಬೀಳ್ಕೊಡಲು ಪಿನೋಚೆ ಬಂದ. ಸಾಲಾಗಿ ನಿಂತ ಆಟಗಾರರ ಕೈ ಕುಲುಕುತ್ತ ಬಂದ. ಕಾಸೆಲಿಯ ಮುಂದೆ ಬಂದು ಕೈ ಚಾಚಿದಾಗ ಇವನ ಎರಡೂ ಕೈ ಬೆನ್ನ ಹಿಂದೆ ಇದ್ದುವು. ಅಲ್ಲಿಂದ ಅವು ಅಲ್ಲಾಡಲಿಲ್ಲ. ಕೂಗಿಲ್ಲ, ಘೋಷಣೆಯಿಲ್ಲ, ಅಷ್ಟೆ.

ಜೂನ್ 14ರಂದು ಪಶ್ಚಿಮ ಬರ್ಲಿನಿನಲ್ಲಿ ಜರ್ಮನರ ವೋಗ್ಟ್ಸನ ಮೇಲೆ ತಪ್ಪಾಟವಾಡಿ ಕೆಂಪು ಕಾರ್ಡು ಕಂಡ. ವಿಶ್ವಕಪ್ಪಿನಲ್ಲಿ ಕೆಂಪು ಕಾರ್ಡು ಕಂಡ ಮೊಟ್ಟಮೊದಲ ಆಟಗಾರ ಇವನೇ. ಕೆಂಪಿನವನಿಗೆ ಕೆಂಪು ಎಂದು ನಗುವವರು ನಗಲಿ; ತಪ್ಪು ತಪ್ಪೇ. ಮುಂದೆ 1982ರ ವಿಶ್ವಕಪ್ಪಿನಲ್ಲಿ ಆಸ್ಟ್ರಿಯದೆದುರು ಪೆನಾಲ್ಟಿಯೊಂದನ್ನು ಹೊರಗೆ ಹೊಡೆದ, ಚಿಲಿ ಒಂದು ಗೋಲಿನಿಂದ ಸೋತಿತು. ನಡುವಿನ ವರ್ಷಗಳಲ್ಲಿ ಸ್ಪೇನಿನ ಲೆವಾಂತೆ, ಎಸ್ಪನ್ಯೋಲ್ ತಂಡಗಳಿಗೆ ಆಡಿದ್ದ. ಅಲ್ಲಿಯೂ ಮೊದಲೆರಡು ವರ್ಷ ಫ್ರಾಂಕೋ ಎಂಬ ಇನ್ನೊಬ್ಬ ದಂಡನಾಯಕನ ಆಳ್ವಿಕೆಯೇ! 1978ರಲ್ಲಿ ಕೋಲೋ ಕೋಲೋಗೆ ಮರಳಿದ. 1985ರ ಅಕ್ಟೋಬರಿನಲ್ಲಿ ಬೀಳ್ಕೊಡುಗೆಯ ಪಂದ್ಯ ನಡೆದದ್ದು ನಾವು ಮೇಲೆ ಹೇಳಿದ ಅದೇ ಕ್ರೀಡಾಂಗಣದಲ್ಲಿ.

ಆದರೆ ಲೆಕ್ಕ ತೀರಿಸಿದವರು ಬೇರೆ. ಕಾಸೆಲಿಯನ್ನು ಮುಟ್ಟಿದರೆ ಜಗತ್ತು ಕೇಳುತ್ತಿತ್ತು. ಆತನ ತಾಯಿ ಓಲ್ಗಾ ಗರಿದೋ ಅವರನ್ನು ಕೇಳುವವರು ಯಾರು? ಆ ತಾಯಿಯನ್ನು ಮನೆಯಿಂದ ಹಿಡಿದೊಯ್ದು ಕಣ್ಣು ಕಟ್ಟಿ ಹಿಂಸಿಸಿದರು. ತನ್ನ ನಿಲುವಿಗೆ ತಾಯಿ ಬೆಲೆ ತೆತ್ತಳೆಂದೇ ಮಗ ನಂಬಿದ. ಮುಷ್ಕರಕ್ಕೆ ಇಳಿದವನ ಮನೆಯಲ್ಲಿ ಒಲೆ ಆರಿದಾಗ ಹಸಿಯುವವರು ಯಾರೆಂಬುದನ್ನು ಬಲ್ಲ ನೀವು, ಆ ಮಗ ಹೊತ್ತ ಭಾರವನ್ನೂ ಬಲ್ಲಿರಿ.

1988ರಲ್ಲಿ ಪಿನೋಚೆ ಇನ್ನೂ ಎಂಟು ವರ್ಷ ಆಳಬೇಕೇ ಬೇಡವೇ ಎಂದು ಜನಮತ ಕೇಳಲಾಯಿತು. ವಿರೋಧಿಗಳಿಗೆ ದಿನಕ್ಕೆ ಹದಿನೈದು ನಿಮಿಷ ಟೆಲಿವಿಷನ್ ಸಿಕ್ಕಿತು, ಅದೂ ರಾತ್ರಿ ಹೊತ್ತಾದ ಮೇಲೆ. ಒಂದು ದಿನ ಅದರಲ್ಲಿ ವಯಸ್ಸಾದ ಹೆಂಗಸೊಬ್ಬರು ಕುಳಿತು, ತಮ್ಮನ್ನು ಹಿಡಿದೊಯ್ದ ಕಥೆಯನ್ನು ಸಣ್ಣ ದನಿಯಲ್ಲಿ ಹೇಳಿದರು. ಮನೆಯವರ ಮರ್ಯಾದೆಗಾಗಿ ಕೆಲವನ್ನು ತಾನು ಎಂದೂ ಬಾಯಿ ಬಿಟ್ಟು ಹೇಳಲಿಲ್ಲ, ಮೈಗೆ ಆದ ಗಾಯವನ್ನು ಮರೆಯಬಹುದು, ಮನಸ್ಸಿನದನ್ನು ಆಗದು ಎಂದರು. ಆಮೇಲೆ ದೇಶಕ್ಕೆಲ್ಲ ಪರಿಚಿತವಾದ ಮುಖವೊಂದು ಕಾಣಿಸಿತು. ತಾನೂ 'ಬೇಡ' ಎಂದೇ ಮತ ಹಾಕುವೆ ಎಂದ ಕಾಸೆಲಿ, ಈಕೆ ತನ್ನ ತಾಯಿ ಎಂದು ತಿಳಿಸಿದ.

ಅಕ್ಟೋಬರ್ 5ರ ಮತದಾನದಲ್ಲಿ ನೂರಕ್ಕೆ ಸುಮಾರು 56 ಮತ 'ಬೇಡ' ಎಂದು ಬಿದ್ದುವು. 1990ರ ಮಾರ್ಚಿಯಲ್ಲಿ ಪಿನೋಚೆ ಅಧ್ಯಕ್ಷ ಪದವಿ ಬಿಟ್ಟ. ಸೇನೆಯ ದಂಡನಾಯಕತ್ವವನ್ನು ಮಾತ್ರ 1998ರವರೆಗೆ ಬಿಡಲಿಲ್ಲ.