ಎಲೀಚೂರ್: ನನ್ನ ದೇವರೇ ಬಂಡೆ

ಸಂತ ಪೇತ್ರ ಹಾಗೂ ಸಂತ ಪೌಲರ ಮಹೋತ್ಸವ – ಜೂನ್ 29
ವಾಚನಗಳು: ಪ್ರೇಷಿತರ ಕಾರ್ಯಕಲಾಪಗಳು 12:1-11, 2 ತಿಮೊಥೇಯ 4:6-8, 17-18, ಮತ್ತಾಯ 16:13-19



ಬಂಡೆ ಎಂದರೇನೆಂದು ಚಿತ್ರದುರ್ಗದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಊರಿನ ಹಳೆಯ ಹೆಸರೇ ಚಿತ್ರಕಲ್ದುರ್ಗ. ಕಲ್ಲು ನಮ್ಮ ಹೆಸರಿನೊಳಗೇ ಕುಳಿತಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಇಂದು ಹಬ್ಬಕ್ಕೆ ಬಂದಿರುವ ನೀವೂ ಈ ಗುಡ್ಡಗಳನ್ನು ನೋಡಿಕೊಂಡೇ ಬೆಳೆದವರು. ಇಂದಿನ ಶುಭಸಂದೇಶದಲ್ಲಿ ಪ್ರಭು ಯೇಸು ಸಿಮೋನನೆಂಬ ಬೆಸ್ತನನ್ನು ಪೇತ್ರ ಎಂದು ಕರೆಯುತ್ತಾರೆ. ಅವರಾಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ಆ ಹೆಸರು 'ಕೇಫ', ಅಂದರೆ ಬಂಡೆ.

ಪೇತ್ರರಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲು ಬಂಡೆಯ ಹೆಸರನ್ನು ಹೊತ್ತಿದ್ದ ಇನ್ನೊಬ್ಬ ಮುಖಂಡನಿದ್ದ. ಅವನನ್ನು ನಾವು ಸಾಮಾನ್ಯವಾಗಿ ನೆನೆಯುವುದೇ ಇಲ್ಲ. ಅವನ ಹೆಸರು ಎಲೀಚೂರ್. ಸಂಖ್ಯಾಕಾಂಡದಲ್ಲಿ ಐದು ಸಲ ಅವನ ಹೆಸರು ಬರುತ್ತದೆ, ಆಮೇಲೆ ಎಲ್ಲಿಯೂ ಇಲ್ಲ. ಅವನು ಮಾಡಿದ ಯುದ್ಧವಿಲ್ಲ, ಆಡಿದ ಒಂದು ಮಾತೂ ಇಲ್ಲ. ಇಸ್ರಯೇಲರು ಈಜಿಪ್ಟಿನಿಂದ ಹೊರಬಂದ ಎರಡನೆಯ ವರ್ಷ, ಸೀನಾಯಿ ಅರಣ್ಯದಲ್ಲಿ ಜನಗಣತಿ ನಡೆದಾಗ, ಮೋಶೆಗೆ ನೆರವಾಗಲು ಕುಲಕ್ಕೊಬ್ಬರಂತೆ ಹನ್ನೆರಡು ಮುಖಂಡರನ್ನು ದೇವರು ಹೆಸರು ಹಿಡಿದು ನೇಮಿಸಿದರು. ಆ ಪಟ್ಟಿಯಲ್ಲಿ ಮೊದಲ ಹೆಸರೇ ರೂಬೇನ್ ಕುಲದ ಶೆದೇಯೂರನ ಮಗ ಎಲೀಚೂರ್. ಅವನ ಕುಲದಲ್ಲಿ ಯುದ್ಧಕ್ಕೆ ಹೋಗಬಲ್ಲ ಗಂಡಸರು 46,500.

ಹಿಬ್ರೂ ಭಾಷೆಯಲ್ಲಿ 'ಎಲೀ' ಎಂದರೆ ನನ್ನ ದೇವರು, 'ಚೂರ್' ಎಂದರೆ ಬಂಡೆ. ನಮ್ಮ ಕನ್ನಡದಲ್ಲಿ ಚೂರು ಎಂದರೆ ತುಂಡು. ಹಿಬ್ರೂವಿನಲ್ಲಿ ಅದು ಇಡೀ ಬಂಡೆ. 'ನನ್ನ ದೇವರೇ ಬಂಡೆ' ಎಂಬುದು ಅವನ ಹೆಸರಿನ ಅರ್ಥ.

ಈ ಹೆಸರನ್ನು ಇಟ್ಟವರು ಯಾರು, ಎಲ್ಲಿ ಇಟ್ಟರು ಎಂಬುದನ್ನು ಸ್ವಲ್ಪ ಯೋಚಿಸೋಣ. ಜನಗಣತಿಯ ಹೊತ್ತಿಗೆ ಎಲೀಚೂರ್ ಕುಲದ ಮುಖಂಡ. ಎಂದಮೇಲೆ ಅವನು ಹುಟ್ಟಿದ್ದು ಈಜಿಪ್ಟಿನ ದಾಸ್ಯದಲ್ಲಿ. ಅಲ್ಲಿ ಅವನ ಜನರು ಫರೋಹನಿಗಾಗಿ ಮಣ್ಣು ತುಳಿದು ಇಟ್ಟಿಗೆ ಮಾಡುತ್ತಿದ್ದರು. ಮೈಗೆಲ್ಲ ಕೆಸರು ಮೆತ್ತಿಕೊಂಡು ಸಂಜೆ ಮನೆಗೆ ಬಂದ ತಂದೆ, ಜೋಲಿಯಲ್ಲಿದ್ದ ಮಗುವನ್ನು 'ನನ್ನ ದೇವರೇ ಬಂಡೆ' ಎಂದು ಕರೆಯುತ್ತಾನೆ. ನಾಳೆ ಏನಾಗುವುದೋ ತಿಳಿಯದ ಮನೆಯಲ್ಲಿ ಇಟ್ಟ ಹೆಸರು ಅದು. ಮಕ್ಕಳ ಜ್ಞಾನಸ್ನಾನಕ್ಕೆ ಹೆಸರು ಹುಡುಕುವ ತಂದೆತಾಯಿಯರೇ, ಕೇಳಲು ಹೊಸದಾಗಿದೆಯೇ ಎಂದಷ್ಟೇ ನೋಡಬೇಡಿ. ಹೆಸರು ಮಗುವಿನ ಮೇಲೆ ನಾವು ಮಾಡುವ ಮೊದಲ ಪ್ರಾರ್ಥನೆ.

ಎಲೀಚೂರನ ಕುಲಕ್ಕೆ ಇನ್ನೊಂದು ಭಾರವೂ ಇತ್ತು. ರೂಬೇನನು ಯಕೋಬನ ಚೊಚ್ಚಲ ಮಗ. ಆದರೆ ತಂದೆಯ ಹಾಸಿಗೆಗೆ ಕಳಂಕ ತಂದದ್ದರಿಂದ ಚೊಚ್ಚಲತನದ ಗೌರವ ಕಳೆದುಕೊಂಡ. ಸಾಯುವ ಹೊತ್ತಿನಲ್ಲಿ ಯಕೋಬನು ಅವನನ್ನು ನೀರಿನಂತೆ ಚಂಚಲನೆಂದು ಹೇಳಿದ್ದು ಆದಿಕಾಂಡದಲ್ಲಿದೆ. ನೀರಿನಂಥ ಕುಲಕ್ಕೆ ಬಂಡೆಯ ಹೆಸರಿನ ಮುಖಂಡ! ಹಿರಿಯೂರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ನಡುವೆ ಕಟ್ಟಿದ ಅಣೆಕಟ್ಟು 1907ರಲ್ಲಿ ಮುಗಿಯಿತು. ಅದಕ್ಕೆ ಮೊದಲು ವೇದಾವತಿಯ ನೀರು ಆ ಕಣಿವೆಯಲ್ಲಿ ನಿಲ್ಲದೆ ಹರಿದುಹೋಗುತ್ತಿತ್ತು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ತುಂಬಿ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಅಷ್ಟು ವರ್ಷ ನೀರು ಏರಿತು, ಇಳಿಯಿತು. ಕಲ್ಲಿನ ಗೋಡೆ ಕಾದು ನಿಂತಿತ್ತು. ನಮ್ಮ ಮನಸ್ಸೂ ನೀರೇ. ಅದು ಹರಿಯುವುದು ಪಾಪವಲ್ಲ. ತಡೆದು ನಿಲ್ಲಿಸುವ ಬಂಡೆ ಬೇಕು, ಅಷ್ಟೇ.

ಗುಡಾರದ ಬಲಿಪೀಠ ಪ್ರತಿಷ್ಠೆಯಾದಾಗ ಹನ್ನೆರಡು ಮುಖಂಡರು ದಿನಕ್ಕೊಬ್ಬರಂತೆ ಕಾಣಿಕೆ ತಂದರು. ಮೊದಲ ದಿನ ಬಂದವನು ಯೂದ ಕುಲದವನು. ಚೊಚ್ಚಲನ ಕುಲದ ಎಲೀಚೂರನಿಗೆ ಸರದಿ ಸಿಕ್ಕಿದ್ದು ನಾಲ್ಕನೆಯ ದಿನ. ತಂದದ್ದೂ ಎಲ್ಲರಂತೆಯೇ: 130 ಶೆಕೆಲ್ ತೂಕದ ಬೆಳ್ಳಿ ತಟ್ಟೆ, 70 ಶೆಕೆಲ್ ತೂಕದ ಬೆಳ್ಳಿ ಬಟ್ಟಲು, ಧೂಪ ತುಂಬಿದ 10 ಶೆಕೆಲ್ ತೂಕದ ಚಿನ್ನದ ಪಾತ್ರೆ, ಬಲಿಗೆ ಪ್ರಾಣಿಗಳು. ಸಂಖ್ಯಾಕಾಂಡದ 7ನೆಯ ಅಧ್ಯಾಯ ಇದೇ ಪಟ್ಟಿಯನ್ನು ಹನ್ನೆರಡು ಸಲ ಬರೆಯುತ್ತದೆ. ಓದುವವರಿಗೆ ಬೇಸರ ಬರಬಹುದು. ದೇವರಿಗೆ ಬೇಸರವಿಲ್ಲ. ಮೊದಲು ಬಂದವನದೂ ನಾಲ್ಕನೆಯವನದೂ ಕೊನೆಯವನದೂ ಅವರಿಗೆ ಒಂದೇ ಲೆಕ್ಕ.

ಇದನ್ನು ಓದುವಾಗಲೆಲ್ಲ ನನಗೆ ನೆನಪಾಗುವ ಒಂದು ಪ್ರಸಂಗವಿದೆ. ಕೆಲವು ವರ್ಷಗಳ ಹಿಂದೆ ನಾನು ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದಲ್ಲಿ ಮಾತೆ ಮರಿಯಮ್ಮನವರ ಗ್ರೊಟ್ಟೊ ಕಟ್ಟಿದೆವು. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದೆಂದಾಯಿತು. ಮೊದಲ ಹೆಸರು ಯಾರದು? ಒಂದು ಮನೆಯವರು ಹಿಂದೆ ಜಾಗ ಬಿಟ್ಟುಕೊಟ್ಟವರು, ಇನ್ನೊಂದು ಮನೆಯವರು ಹೆಚ್ಚು ಹಣ ಕೊಟ್ಟವರು. ಮಾತಿಗೆ ಮಾತು ಬೆಳೆಯಿತು. ಬಲಿಪೂಜೆಯಲ್ಲಿ ಪರಸ್ಪರ ಶಾಂತಿಯನ್ನು ಕೋರುವ ಹೊತ್ತಿಗೆ ಎರಡೂ ಮನೆಯವರು ಮುಖ ತಿರುಗಿಸುತ್ತಿದ್ದರು. ಆಮೇಲೆ ಇಬ್ಬರೂ ದೇವಾಲಯಕ್ಕೆ ಬರುವುದನ್ನೇ ಬಿಟ್ಟರು. ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಕಲ್ಲು ಕೆತ್ತುವವರಿಗೆ ಕೊಟ್ಟ ಚೀಟಿಯಲ್ಲಿ ಎಲ್ಲರಿಗಿಂತ ಮೇಲೆ, ದೊಡ್ಡ ಅಕ್ಷರದಲ್ಲಿ, ನನ್ನ ಹೆಸರನ್ನು ಬರೆದಿದ್ದವನು ನಾನೇ. ಹಾಗಾಗಿ ಅವರಿಗೆ ಬುದ್ಧಿ ಹೇಳಲು ನನಗೆ ಬಾಯಿ ಬರಲಿಲ್ಲ. ಕೊನೆಗೆ ಇಸವಿಯನ್ನಷ್ಟೇ ಕೆತ್ತಿಸಿದೆವು. ಒಂದು ಮನೆಯವರು ಕ್ರಿಸ್ಮಸ್ ಹೊತ್ತಿಗೆ ಮರಳಿ ಬಂದರು. ಇನ್ನೊಂದು ಮನೆಯವರು ನನಗೆ ವರ್ಗವಾಗುವವರೆಗೂ ಬರಲಿಲ್ಲ. ಆ ಮನೆಯ ಹಿರಿಯರು ಮುಂದೆ ತೀರಿಕೊಂಡಾಗ ನಾನು ಅಲ್ಲಿರಲಿಲ್ಲ. ಅದು ಇವತ್ತಿಗೂ ನನ್ನ ಎದೆಯ ಮೇಲಿನ ಕಲ್ಲು.

ಒಳ್ಳೆಯ ಹೆಸರು ತಾನಾಗಿಯೇ ಯಾರನ್ನೂ ಕಾಯುವುದಿಲ್ಲ. ಮುಂದೆ ಕೋರಹನು ಮೋಶೆಯ ವಿರುದ್ಧ ದಂಗೆ ಎದ್ದಾಗ ರೂಬೇನ್ ಕುಲದ ದಾತಾನ್, ಅಬೀರಾಮರು ಅವನೊಡನೆ ಸೇರಿದರು. 250 ಮುಖಂಡರು ಜೊತೆಗೂಡಿದರು. ಅವರ ಹೆಸರುಗಳನ್ನು ಬೈಬಲ್ ಹೇಳುವುದಿಲ್ಲ. ಆದರೆ 11ನೆಯ ಶತಮಾನದ ಯೆಹೂದ್ಯ ವ್ಯಾಖ್ಯಾನಕಾರ ರಾಶಿ, ಆ 250 ಜನರಲ್ಲಿ ಎಲೀಚೂರನೂ ಇದ್ದನೆಂದು ಬರೆಯುತ್ತಾರೆ. ಬಿಡಾರದ ದಕ್ಷಿಣದಲ್ಲಿ ಕೋರಹನ ಮನೆತನವೂ ರೂಬೇನ್ ಕುಲವೂ ನೆರೆಹೊರೆ. ಆ ವ್ಯಾಖ್ಯಾನ ನಮ್ಮ ವಿಶ್ವಾಸದ ಭಾಗವಲ್ಲ, ಆದರೂ ನಮಗೊಂದು ಎಚ್ಚರಿಕೆ. 'ನನ್ನ ದೇವರೇ ಬಂಡೆ' ಎಂಬ ಹೆಸರಿನವನೂ ಒಂದು ದಿನ 'ನಾನೇ ಬಂಡೆ' ಎಂದುಕೊಳ್ಳಬಹುದು.

ಪೇತ್ರರಿಗೂ ಹಾಗೆಯೇ ಆಯಿತು. ಇಂದಿನ ವಾಚನ 19ನೆಯ ವಚನಕ್ಕೆ ನಿಲ್ಲುತ್ತದೆ. ಮನೆಗೆ ಹೋಗಿ 23ನೆಯ ವಚನದವರೆಗೆ ಓದಿ. ಶಿಲುಬೆಯ ದಾರಿ ಬೇಡವೆಂದು ತಡೆಯಲು ಹೋದ ಪೇತ್ರರನ್ನು ಯೇಸು ತಮಗೆ ಅಡ್ಡಿಯಾದ ಎಡವುಗಲ್ಲೆಂದು ಗದರುತ್ತಾರೆ. ಕಟ್ಟಡಕ್ಕೆ ಆಧಾರವಾದ ಕಲ್ಲು ಅಷ್ಟರಲ್ಲೇ ಕಾಲಿಗೆ ತಗಲುವ ಕಲ್ಲಾಯಿತು. ಕೋಳಿ ಕೂಗುವ ಮುಂಚೆ ಮೂರು ಸಲ ಗುರುವನ್ನೇ ಅರಿಯೆನೆಂದವರೂ ಅವರೇ. ಆದರೆ ಪೇತ್ರರು ಅತ್ತರು, ಮರಳಿ ಬಂದರು. ಕೊಟ್ಟ ಹೆಸರನ್ನು ಪ್ರಭು ಕಿತ್ತುಕೊಳ್ಳಲಿಲ್ಲ.

ಈ ಹಬ್ಬದ ಇನ್ನೊಬ್ಬ ಸಂತರು ಇದರ ಗುಟ್ಟನ್ನು ಬಿಡಿಸುತ್ತಾರೆ. ಅರಣ್ಯದಲ್ಲಿ ಇಸ್ರಯೇಲರಿಗೆ ನೀರು ಕೊಟ್ಟ ಆ ಬಂಡೆ ಕ್ರಿಸ್ತರೇ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಬೋಧಿಸುತ್ತಾರೆ. ಪೇತ್ರರ ಗಟ್ಟಿತನ ಸ್ವಂತದ್ದಲ್ಲ, ಆ ಬಂಡೆಯಿಂದ ಬಂದದ್ದು.

ಪ್ರಿಯರೇ, ಸಂಜೆ ಕೋಟೆಯ ಕಡೆಗೊಮ್ಮೆ ಕಣ್ಣು ಹಾಯಿಸಿ. 1779ರಲ್ಲಿ ಅದು ಹೈದರಾಲಿಯ ಕೈಸೇರಿತು. ನಾಯಕರೂ ಇಲ್ಲ, ಗೆದ್ದವನೂ ಇಲ್ಲ. ಬಂಡೆ ಇದೆ. ಮನೆಯ ಯಜಮಾನರು, ಸಂಘಗಳ ಮುಖಂಡರು, ಗುರುಗಳಾದ ನಾವು, ಎಲ್ಲರೂ ಸ್ವಲ್ಪ ಕಾಲ ಆ ಬಂಡೆಯ ಮೇಲೆ ನಿಂತವರು. ಯಾರದಾದರೂ ಹೆಸರು ನಿಮ್ಮ ಹೆಸರಿಗಿಂತ ಮೇಲೆ ಬಂತೆಂದು ಮಾತು ಬಿಟ್ಟಿದ್ದರೆ, ಇಂದು ಹಬ್ಬದ ಊಟಕ್ಕೆ ಮೊದಲು ಅವರ ಮನೆಗೆ ಹೋಗಿ ಬನ್ನಿ. ನಾಳೆ ಎನ್ನಬೇಡಿ. ನಾನು ನಾಳೆ ಎಂದು ತಡಮಾಡಿದವನು.

ಪ್ರಭುವೇ, ನಮ್ಮ ಬಂಡೆಯೇ, ನೀರಿನಂತಿರುವ ನಮ್ಮನ್ನು ತಡೆದು ನಿಲ್ಲಿಸಿರಿ. ಸಂತ ಪೇತ್ರರೇ, ಸಂತ ಪೌಲರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.